ಅಂಗಡಿ ತಲುಪದ ಹಾಡಿನ ಫೋನ್

2010ರ ಜೂನ್ 30ರಂದು ಮೈಕ್ರೋಸಾಫ್ಟ್ ಕಂಪನಿ ಒಂದು ಚಿಕ್ಕ ಹೇಳಿಕೆ ಹೊರಡಿಸಿತು. ‘ಕಿನ್’ ಎಂಬ ತನ್ನ ಹೊಸ ಫೋನು ಯುರೋಪಿನಲ್ಲಿ ಬಿಡುಗಡೆಯಾಗುವುದಿಲ್ಲ, ಅಮೆರಿಕದಲ್ಲಿ ಇರುವ ದಾಸ್ತಾನನ್ನಷ್ಟೇ ಮಾರಲಾಗುವುದು ಎಂಬುದು ಅದರ ಸಾರ. ಏಪ್ರಿಲ್ 12ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಫೋನನ್ನು ಜಗತ್ತಿಗೆ ತೋರಿಸಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್‌ಗಳಲ್ಲಿ ವೊಡಾಫೋನ್ ಕಂಪನಿ ಅದನ್ನು ಆ ವರ್ಷವೇ ಮಾರಬೇಕಿತ್ತು. ಅಲ್ಲಿಯ ಅಂಗಡಿಗಳಿಗೆ ಅದು ಕೊನೆಗೂ ಬರಲಿಲ್ಲ.

ಮೈಕ್ರೋಸಾಫ್ಟ್ ಅದನ್ನು ಗೆಳೆಯರ ಜೊತೆ ಹರಟುವ ಹರೆಯದವರ ಫೋನು ಎಂದು ಪ್ರಚಾರ ಮಾಡಿತ್ತು. ಆದರೆ ಅದರೊಳಗೆ ಇದ್ದ ಗಟ್ಟಿ ಸರಕು ಸಂಗೀತವೇ. ಆ್ಯಪಲ್‌ನ ಐಪಾಡ್‌ಗೆ ಎದುರಾಗಿ 2006ರಲ್ಲಿ ಮೈಕ್ರೋಸಾಫ್ಟ್ ‘ಝೂನ್’ ಎಂಬ ಹಾಡಿನ ಪೆಟ್ಟಿಗೆಯನ್ನು ತಂದಿತ್ತು. ಆ ಝೂನ್ ಮೊದಲ ಬಾರಿಗೆ ಫೋನಿನೊಳಗೆ ಸೇರಿಕೊಂಡದ್ದು ಕಿನ್‌ನಲ್ಲಿ.

ಕುವೈತಿನ ಹೆಸರು ಈ ಫೋನಿನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಝೂನ್ ಪೆಟ್ಟಿಗೆಯೂ ಅಧಿಕೃತವಾಗಿ ಮಾರಾಟವಾದದ್ದು ಅಮೆರಿಕ ಮತ್ತು ಕೆನಡಾಗಳಲ್ಲಿ ಮಾತ್ರ. ಹಾಗಿದ್ದೂ ಈ ಕಥೆಯನ್ನು ಕುವೈತಿನಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ಅಲ್ಲಿ ಸುಮಾರು 10 ಲಕ್ಷ ಭಾರತೀಯರಿದ್ದಾರೆ. ಅವರಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಹೋದವರ ಸಂಖ್ಯೆ ಸಣ್ಣದಲ್ಲ. ಒಂದು ದೇಶದಲ್ಲಿ ದುಡಿದು ಇನ್ನೊಂದು ದೇಶದ ಹಾಡು ಕೇಳುವ ಈ ಜನರ ಕೈಗೆ ಹಾಡಿನ ಫೋನೊಂದು ಸೇರಬೇಕಾದರೆ ಏನೇನು ಕೂಡಿಬರಬೇಕು ಎಂದು ವಿಚಾರಿಸಿದರೆ, ಅಂಥ ಫೋನು ಏಕೆ ಅರ್ಧದಾರಿಯಲ್ಲಿ ನಿಲ್ಲುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲಿಗೆ, ಫೋನಿನೊಳಗೆ ಸಂಗೀತ ಎಂದರೇನು? ಗಾಯಕನ ದನಿ ಗಾಳಿಯಲ್ಲಿ ಅಲೆಯಾಗಿ ಬರುತ್ತದೆ. ಯಂತ್ರ ಆ ಅಲೆಯ ಎತ್ತರವನ್ನು ಮತ್ತೆ ಮತ್ತೆ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಸಿ.ಡಿ. ತಟ್ಟೆಯಲ್ಲಿ ಒಂದು ಸೆಕೆಂಡಿಗೆ 44,100 ಅಳತೆಗಳು, ಅದೂ ಎಡಕಿವಿಗೆ ಬೇರೆ, ಬಲಕಿವಿಗೆ ಬೇರೆ. ಹೀಗೆ ಬರೆದರೆ ನಾಲ್ಕು ನಿಮಿಷದ ಒಂದು ಹಾಡು ಸುಮಾರು 42 ಮೆಗಾಬೈಟ್ ಜಾಗ ತಿನ್ನುತ್ತದೆ. ಎಂಪಿ3 ವಿಧಾನ ಮಾಡುವುದಿಷ್ಟು: ಜೋರಾದ ಸದ್ದಿನ ಹಿಂದೆ ಅಡಗಿ ಕಿವಿಗೆ ಹೇಗೂ ಬೀಳದ ಸಣ್ಣ ಸದ್ದುಗಳ ವಿವರವನ್ನು ಅದು ಕೈಬಿಡುತ್ತದೆ. ಆಗ ಅದೇ ಹಾಡು 4 ಮೆಗಾಬೈಟಿನೊಳಗೆ ಕೂರುತ್ತದೆ. ಕೇಳುವಾಗ ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವ ಒಂದು ಚಿಪ್ ಬೇಕು, ಆ ಅಲೆಗೆ ಕಸುವು ಕೊಡುವ ಇನ್ನೊಂದು ಭಾಗ ಬೇಕು, ಹಾಡುಗಳನ್ನು ಇಟ್ಟುಕೊಳ್ಳಲು ಜಾಗ ಬೇಕು.

2005ರ ಸುಮಾರಿಗೆ ಇವೆಲ್ಲ ದುಬಾರಿಯಾಗಿದ್ದವು. ಸಾಧಾರಣ ಫೋನಿನಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತಿರಲಿಲ್ಲ, ಹತ್ತು ಹಾಡು ಹಿಡಿಸುವುದೂ ಕಷ್ಟ. ಆದ್ದರಿಂದಲೇ ‘ಹಾಡಿನ ಫೋನು’ ಎಂಬ ಪ್ರತ್ಯೇಕ ಜಾತಿಗೆ ಅರ್ಥವಿತ್ತು. ಸೋನಿ ಎರಿಕ್ಸನ್ ಆ ವರ್ಷ ವಾಕ್‌ಮನ್ ಹೆಸರಿನ ಡಬ್ಲ್ಯೂ800 ತಂದಿತು. ಅನಂತರ ನೋಕಿಯಾದ ಎಕ್ಸ್‌ಪ್ರೆಸ್ ಮ್ಯೂಸಿಕ್ ಫೋನುಗಳು ಬಂದವು. 5310, 5800 ಎಂಬ ಅಂಕಿ ಹೇಳಿದರೆ ಸಾಕು, ಇವತ್ತಿಗೂ ಹಲವರಿಗೆ ಆ ಫೋನಿನ ಅಂಚಿನ ಬಣ್ಣ ಕಣ್ಣಿಗೆ ಕಟ್ಟುತ್ತದೆ. ಆದರೆ ಐದೇ ವರ್ಷಗಳಲ್ಲಿ ಚಿಪ್ಪುಗಳು ಅಗ್ಗವಾಗಿ, ಬೇರೆ ಬೇರೆ ಕೆಲಸಗಳ ಭಾಗಗಳೆಲ್ಲ ಒಂದೇ ಚಿಪ್ಪಿನೊಳಗೆ ಸೇರಿಹೋದವು. 2010ರಲ್ಲಿ ಕಿನ್ ಬರುವ ಹೊತ್ತಿಗೆ ಯಾವ ಸ್ಮಾರ್ಟ್‌ಫೋನಿನಲ್ಲಾದರೂ ಹಾಡು ಚೆನ್ನಾಗಿಯೇ ಕೇಳಿಸುತ್ತಿತ್ತು. ಯಂತ್ರದ ಮಟ್ಟದಲ್ಲಿ ಹಾಡಿನ ಫೋನಿಗೆ ಬೇರೆಯಾಗಿ ಕೊಡಲು ಏನೂ ಉಳಿದಿರಲಿಲ್ಲ. ಇನ್ನು ಕೊಡಬಹುದಾಗಿದ್ದದ್ದು ಹಾಡುಗಳನ್ನೇ. ತೊಡಕು ಶುರುವಾಗುವುದು ಅಲ್ಲಿಂದ.

ಆ ತೊಡಕಿನ ಮೊದಲ ಸುಳಿವು 2005ರ ಸೆಪ್ಟೆಂಬರ್ 7ರಂದೇ ಸಿಕ್ಕಿತ್ತು. ಆ ದಿನ ಸ್ಟೀವ್ ಜಾಬ್ಸ್ ಮೊಟೊರೊಲಾದ ‘ರಾಕರ್ ಇ1’ ಎಂಬ ಫೋನನ್ನು ವೇದಿಕೆಯಲ್ಲಿ ತೋರಿಸಿದರು. ಆ್ಯಪಲ್‌ನ ಐಟ್ಯೂನ್ಸ್ ಇದ್ದ ಮೊದಲ ಫೋನು ಅದು. ಅದರಲ್ಲಿ 100 ಹಾಡು ಮಾತ್ರ ಇಡಬಹುದಿತ್ತು. ಜಾಗ ಇಲ್ಲವೆಂದಲ್ಲ. ನಮ್ಮ ಲೆಕ್ಕದಲ್ಲಿ 100 ಹಾಡಿಗೆ 400 ಮೆಗಾಬೈಟ್ ಸಾಕು. ಅದಕ್ಕಿಂತ ದೊಡ್ಡ ಕಾರ್ಡ್ ಹಾಕಿದರೂ 101ನೇ ಹಾಡನ್ನು ಫೋನು ಒಪ್ಪುತ್ತಿರಲಿಲ್ಲ. ಆ ಮಿತಿಯನ್ನು ತಂತ್ರಾಂಶದಲ್ಲೇ ಬರೆಯಲಾಗಿತ್ತು. ಅದೇ ವೇದಿಕೆಯಲ್ಲಿ, ಅದೇ ದಿನ, ಜಾಬ್ಸ್ ಸಾವಿರ ಹಾಡು ಹಿಡಿಸುವ ಐಪಾಡ್ ನ್ಯಾನೋ ಬಿಡುಗಡೆ ಮಾಡಿದರು. ತನ್ನ ಪೆಟ್ಟಿಗೆಗೆ ಪೈಪೋಟಿ ಕೊಡುವ ಫೋನನ್ನು ಆ್ಯಪಲ್ ಏಕೆ ಬೆಳೆಯಲು ಬಿಡಬೇಕು? ರಾಕರ್ ರದ್ದಾಗಲಿಲ್ಲ, ಅಂಗಡಿಗೆ ಬಂತು. ಆದರೆ ಕೈಕಾಲು ಕಟ್ಟಿಸಿಕೊಂಡೇ ಬಂತು.

ಈಗ ಹಾಡಿನ ಒಡೆತನಕ್ಕೆ ಬರೋಣ. ಒಂದು ಹಾಡಿಗೆ ಕಡಿಮೆಯೆಂದರೂ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ನಮ್ಮ ಸಿನಿಮಾಗಳಲ್ಲಿ ನಿರ್ಮಾಪಕರು ಸಾಮಾನ್ಯವಾಗಿ ಧ್ವನಿಯ ಹಕ್ಕನ್ನು ಬೆಂಗಳೂರಿನ ಲಹರಿಯಂಥ ಸಂಸ್ಥೆಗೆ ಮಾರುತ್ತಾರೆ. ಆ ಸಂಸ್ಥೆ ಅದನ್ನು ತುಂಡುತುಂಡಾಗಿ ಬಾಡಿಗೆಗೆ ಕೊಡಬಹುದು: ಕಾಲರ್ ಟ್ಯೂನಿಗೆ ಒಬ್ಬರಿಗೆ, ರೇಡಿಯೋಗೆ ಇನ್ನೊಬ್ಬರಿಗೆ, ಇಂಟರ್ನೆಟ್ಟಿನಲ್ಲಿ ಹರಿಸುವುದಕ್ಕೆ ಮತ್ತೊಬ್ಬರಿಗೆ. ಮೇಲಾಗಿ ಭಾರತಕ್ಕೆ ಒಂದು ಒಪ್ಪಂದ, ಹೊರದೇಶಗಳಿಗೆ ಬೇರೆ ಒಪ್ಪಂದ. ನೀವು ನಿಮ್ಮ ಹಾಡನ್ನು ನಿಮ್ಮ ಫೋನಿಗೆ ಹಾಕಿಕೊಂಡು ಕೇಳಿದರೆ ಫೋನು ತಯಾರಿಸಿದವನು ಯಾರ ಅನುಮತಿಯನ್ನೂ ಪಡೆಯಬೇಕಿಲ್ಲ. ಆದರೆ ಫೋನಿನ ಜೊತೆಗೇ ಹಾಡುಗಳನ್ನೂ ಕೊಡುತ್ತೇನೆಂದು ಅವನು ಹೊರಟರೆ ಪ್ರತಿ ದೇಶದಲ್ಲೂ ಈ ಒಪ್ಪಂದಗಳನ್ನು ಹೊಸದಾಗಿ ಮಾಡಿಕೊಳ್ಳಬೇಕು.

(ಹತ್ತೊಂಬತ್ತನೇ ಶತಮಾನದಲ್ಲಿ ಅಬ್ದುಲ್ಲಾ ಅಲ್-ಫರಜ್ ಎಂಬ ಕುವೈತಿ ಸಂಗೀತಗಾರ ಮುಂಬೈಯಲ್ಲಿ ಬೆಳೆದು, ಅಲ್ಲಿನ ಸಂಗೀತವನ್ನು ಕಿವಿಗೆ ತುಂಬಿಕೊಂಡು, ಕೊಲ್ಲಿಯ ‘ಸೌತ್’ ಗಾಯನಕ್ಕೆ ರೂಪ ಕೊಟ್ಟ. ಅವನು ಹಡಗು ಹತ್ತುವಾಗ ಯಾವ ದೇಶದ ಹಕ್ಕು ಎಂದು ಯಾರೂ ಕೇಳಲಿಲ್ಲ.)

ಕುವೈತಿನಲ್ಲಿ ಈ ಒಪ್ಪಂದಗಳ ನೆಲ ಸಿದ್ಧವಾದದ್ದು ತಡವಾಗಿ. ಬೌದ್ಧಿಕ ಸ್ವತ್ತಿನ ಕಾಯ್ದೆ ಅಲ್ಲಿ ಬಂದದ್ದು 1999ರಲ್ಲಿ. ಒಂದು ದೇಶದ ಕೃತಿಗೆ ಇನ್ನೊಂದು ದೇಶದಲ್ಲೂ ರಕ್ಷಣೆ ಕೊಡುವ ಬರ್ನ್ ಒಪ್ಪಂದಕ್ಕೆ ಕುವೈತ್ ಸೇರಿದ್ದು 2014ರಲ್ಲಿ. ಈಗಿನ ಕೃತಿಸ್ವಾಮ್ಯ ಕಾಯ್ದೆ 2019ರದು. ಆ ಭಾಗದ ಸ್ವಂತ ಸಂಗೀತ ಸೇವೆ ‘ಅಂಘಾಮಿ’ 2012ರಲ್ಲಿ ಲೆಬನಾನಿನಲ್ಲಿ ಹುಟ್ಟಿತು. ಸ್ಪಾಟಿಫೈ ಕುವೈತಿಗೆ ಬಂದದ್ದು 2018ರ ನವೆಂಬರಿನಲ್ಲಿ. ಭಾರತಕ್ಕೆ ಬಂದದ್ದು ಅದಾದ ಮೂರು ತಿಂಗಳ ಮೇಲೆ, 2019ರ ಫೆಬ್ರುವರಿಯಲ್ಲಿ. ಅಂದರೆ ಕುವೈತಿನ ಸಾಲ್ಮಿಯಾದಲ್ಲಿ ಕೆಲಸಕ್ಕಿದ್ದ ಮಗನಿಗೆ ಸಿಕ್ಕ ಸೇವೆ ಕುಂದಾಪುರದಲ್ಲಿದ್ದ ಅಪ್ಪನಿಗೆ ಸಿಗಲು ಅಷ್ಟು ಕಾಯಬೇಕಾಯಿತು. ಸಿಕ್ಕಿದ ಮೇಲೂ ವಾರ್ನರ್ ಸಂಸ್ಥೆಯ ಜೊತೆ ಒಪ್ಪಂದ ಕುದುರದೆ, ವಿವಾದ ಬಾಂಬೆ ಹೈಕೋರ್ಟಿಗೆ ಹೋಗಿ, ಆ ಸಂಸ್ಥೆಯ ಹಾಡುಗಳು ಭಾರತದ ಪಟ್ಟಿಯಲ್ಲಿ ಮೊದಮೊದಲು ಇರಲಿಲ್ಲ. 2019ರಲ್ಲಿ, ಅಷ್ಟು ದೊಡ್ಡ ಕಂಪನಿಯ ಪಾಡೇ ಹೀಗಿದ್ದರೆ 2010ರಲ್ಲಿ ಒಂದು ಫೋನಿನ ಬೆನ್ನಿಗೆ ಹಾಡಿನ ಸೇವೆ ಕಟ್ಟಿ ದೇಶದಿಂದ ದೇಶಕ್ಕೆ ಒಯ್ಯುವುದು ಎಷ್ಟು ಭಾರದ ಕೆಲಸವಾಗಿತ್ತೆಂದು ಊಹಿಸಬಹುದು.

ಕಿನ್ ಹೊತ್ತುಕೊಂಡದ್ದು ಇಂಥ ಭಾರವನ್ನೇ. ‘ಝೂನ್ ಪಾಸ್’ ಎಂಬ ಚಂದಾಗೆ ತಿಂಗಳಿಗೆ ಸುಮಾರು 15 ಡಾಲರ್ ಕೊಟ್ಟರೆ ಲಕ್ಷಾಂತರ ಹಾಡು ಕೇಳಬಹುದಿತ್ತು. ಆ ಹಾಡುಗಳಿಗೆ ಬೀಗವಿತ್ತು. ಚಂದಾ ನಿಂತರೆ ಇಳಿಸಿಕೊಂಡ ಹಾಡೂ ಮೌನವಾಗುತ್ತಿತ್ತು. ಫೋನಿನಲ್ಲಿ ಮೆಮೊರಿ ಕಾರ್ಡಿಗೆ ಜಾಗವಿರಲಿಲ್ಲ. ‘ಕಿನ್ ಒನ್’ನಲ್ಲಿ 4 ಗಿಗಾಬೈಟ್, ‘ಕಿನ್ ಟೂ’ನಲ್ಲಿ 8, ಅಷ್ಟೇ. ಬೇರೆ ಆ್ಯಪ್‌ಗಳನ್ನು ಹಾಕಿಕೊಳ್ಳುವ ಅವಕಾಶವೂ ಇರಲಿಲ್ಲ. ಅಂದರೆ ಝೂನ್ ಇಷ್ಟವಿಲ್ಲದವನು ಇನ್ನೊಂದು ಸಂಗೀತ ಸೇವೆಗೆ ಹೋಗುವ ಹಾಗಿರಲಿಲ್ಲ.

ಕೊಲ್ಲಿಯಲ್ಲಿ ದುಡಿಯುವ ನಮ್ಮವರ ರೂಢಿಗೆ ಇದನ್ನು ಹೋಲಿಸಿ ನೋಡಿ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಕರಾವಳಿಯ ಮನೆಗಳಿಗೆ ಕೊಲ್ಲಿಯಿಂದ ಬಂದ ದೊಡ್ಡ ವಸ್ತುವೆಂದರೆ ಟೂ-ಇನ್-ಒನ್, ಅಂದರೆ ರೇಡಿಯೋ ಕೂಡಿದ ಟೇಪ್ ರೆಕಾರ್ಡರ್. ಯಂತ್ರ ಆ ಕಡೆಯಿಂದ ಬರುತ್ತಿತ್ತು, ಕ್ಯಾಸೆಟ್ಟು ಈ ಕಡೆಯಿಂದ ಹೋಗುತ್ತಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳೂ, ಜೊತೆಗೆ ಯಕ್ಷಗಾನ, ಭಜನೆ, ಸಿನಿಮಾ ಹಾಡುಗಳೂ ಸೂಟ್‌ಕೇಸಿನಲ್ಲಿ ಸಮುದ್ರ ದಾಟಿದವು. ನೋಕಿಯಾ ಕಾಲಕ್ಕೂ ಏರ್ಪಾಡು ಹೆಚ್ಚು ಬದಲಾಗಲಿಲ್ಲ. ರಜೆಗೆ ಊರಿಗೆ ಬಂದಾಗ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವುದು, ಮರಳಿ ಹೋದ ಮೇಲೆ ರೂಮಿನವರಿಗೆ ಬ್ಲೂಟೂತಿನಲ್ಲಿ ಹಂಚುವುದು. ಅದರಲ್ಲಿ ಬಹುಪಾಲು ಕದ್ದ ಹಾಡೇ, ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಆದರೆ ಕ್ಯಾಸೆಟ್ಟಿಗೂ ಕಾರ್ಡಿಗೂ ಒಂದು ಗುಣ ಸಮಾನವಾಗಿತ್ತು: ಎರಡಕ್ಕೂ ನೀವು ಯಾವ ದೇಶದಲ್ಲಿದ್ದೀರಿ ಎಂಬುದು ಗೊತ್ತಿರಲಿಲ್ಲ. ಕಿನ್‌ನಂಥ ಫೋನಿಗೆ ಅದು ಗೊತ್ತಿರಬೇಕಾಗಿತ್ತು.

ಇನ್ನೊಂದು ಗಂಟು ಮೊಬೈಲ್ ಕಂಪನಿಗಳದು. ಅಮೆರಿಕದಲ್ಲಿ ಆಗ ಫೋನನ್ನು ಮಾರುತ್ತಿದ್ದವರು ಹೆಚ್ಚಾಗಿ ಅವರೇ. ಕಿನ್ ಅನ್ನು ಮಾರಿದ್ದು ವೆರೈಝನ್. ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ ಕಿನ್ ಒನ್‌ಗೆ 50 ಡಾಲರ್, ಕಿನ್ ಟೂಗೆ 100 ಡಾಲರ್. ಅಗ್ಗವೆನಿಸುತ್ತದೆ. ಆದರೆ ತಿಂಗಳ ಬಾಡಿಗೆಯಲ್ಲಿ ಇಂಟರ್ನೆಟ್ಟಿಗೇ 30 ಡಾಲರ್ ಇತ್ತು, ಮಾತಿನ ಬಾಬ್ತು ಸೇರಿದರೆ 70ರ ಹತ್ತಿರ. ಆ್ಯಪ್ ಹಾಕಲು ಬಿಡದ ಫೋನಿಗೆ ಪೂರ್ಣ ಸ್ಮಾರ್ಟ್‌ಫೋನಿನ ಬಾಡಿಗೆ! ಹರೆಯದ ಮಕ್ಕಳಿಗೆಂದು ಮಾಡಿದ ಫೋನಿಗೆ ಹಣ ಕಟ್ಟಬೇಕಾದವರು ತಂದೆತಾಯಿ. ಅವರು ಅದೇ ದುಡ್ಡಿಗೆ ಇನ್ನೂ ಹೆಚ್ಚು ಕೆಲಸದ ಫೋನು ಕೊಡಿಸಿದರು.

ಕುವೈತಿನಲ್ಲಿ ದಾರಿ ಬೇರೆ. ಅಲ್ಲಿ ಮೊಬೈಲ್ ಸೇವೆ ಆರಂಭಿಸಿದ್ದು 1983ರಲ್ಲಿ ಸ್ಥಾಪನೆಯಾದ ಎಂಟಿಸಿ. ಕೆಲವು ವರ್ಷ ಅದು ‘ಎಂಟಿಸಿ-ವೊಡಾಫೋನ್’ ಎಂಬ ಜೋಡಿ ಹೆಸರಿನಲ್ಲಿ ನಡೆದು 2007ರಲ್ಲಿ ‘ಝೈನ್’ ಆಯಿತು. ಇಂದಿನ ಊರೆಡೂ ಮತ್ತು ಎಸ್‌ಟಿಸಿ ಅನಂತರ ಬಂದವು. ಈ ಕಂಪನಿಗಳೂ ಕಂತಿನಲ್ಲಿ ಫೋನು ಕೊಡುತ್ತವೆ. ಆದರೆ ಕೆಲಸಕ್ಕೆ ಹೋದ ಸಾಮಾನ್ಯ ವಲಸಿಗ ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಯಲ್ಲೋ ಫಹಾಹೀಲ್‌ನಲ್ಲೋ ಪೂರ್ತಿ ಹಣ ಕೊಟ್ಟು ಫೋನು ಕೊಳ್ಳುತ್ತಾನೆ, ಸಿಮ್ ಬೇರೆ ಕೊಳ್ಳುತ್ತಾನೆ. ಕೆಲಸ ಬದಲಾದರೆ, ವೀಸಾ ಮುಗಿದರೆ ಫೋನು ಅವನ ಜೊತೆ ಮಂಗಳೂರು ವಿಮಾನ ಹತ್ತುತ್ತದೆ. ಒಂದು ದೇಶದ ಒಂದೇ ಕಂಪನಿಯ ತಿಂಗಳ ಬಾಡಿಗೆಗೆ ಅಂಟಿಕೊಂಡ ಫೋನು ಇಂಥವನ ಲೆಕ್ಕಕ್ಕೆ ಹೊಂದುವುದಿಲ್ಲ.

ಈಗ ರದ್ದತಿಯ ವಿಷಯ. ಇಷ್ಟು ಖರ್ಚು ಮಾಡಿದ ಮೇಲೆ ಕೊನೆಗಳಿಗೆಯಲ್ಲಿ ಕೈಬಿಡುವುದು ಹೊರಗಿನವರಿಗೆ ಹುಚ್ಚುತನದಂತೆ ಕಾಣುತ್ತದೆ. ಆದರೆ ಕಂಪನಿಯ ಲೆಕ್ಕ ಹಾಗಿರುವುದಿಲ್ಲ. ಮೊದಲು ಚಿಪ್ ಆರಿಸಬೇಕು, ಆಮೇಲೆ ಮಾದರಿಗಳನ್ನು ಮಾಡಿ ಪರೀಕ್ಷಿಸಬೇಕು, ಹೊರಮೈಗೆ ಅಚ್ಚು ಕೊಯ್ಯಿಸಬೇಕು, ಸರ್ಕಾರಿ ಪ್ರಮಾಣಪತ್ರ ಪಡೆಯಬೇಕು, ಪ್ರತಿ ಮೊಬೈಲ್ ಕಂಪನಿಯ ಜಾಲದಲ್ಲೂ ಓಡಿಸಿ ನೋಡಬೇಕು. ಇದಕ್ಕೆ ಹೋದ ಹಣ ಹೋಯಿತು. ಫೋನು ಬಿಡುಗಡೆಯಾದರೂ ಆಗದಿದ್ದರೂ ಅದು ಮರಳುವುದಿಲ್ಲ. ಕೊನೆಯ ತೀರ್ಮಾನದ ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಇನ್ನು ಮುಂದೆ ಎಷ್ಟು ಹಾಕಬೇಕು, ಎಷ್ಟು ಬರುತ್ತದೆ? ನಲವತ್ತು ಅಡಿ ತೋಡಿದ ಬಾವಿಯಲ್ಲಿ ನೀರಿಲ್ಲದಿದ್ದರೆ ತೋಡಿದ ನಲವತ್ತು ಅಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದಿನ ಹತ್ತು ಅಡಿಯ ಕೂಲಿಯನ್ನು ಯೋಚಿಸುತ್ತೇವೆ.

ಕಿನ್‌ಗೆ ಮುಂದಿನ ಕೂಲಿ ಹಲವು ಬಗೆಯದು. ಯುರೋಪಿನ ಜಾಲಗಳಿಗೆ ಹೊಂದಿಸಬೇಕು, ನಾಲ್ಕು ದೇಶಗಳಲ್ಲಿ ಪ್ರಚಾರ ಮಾಡಬೇಕು, ಅಲ್ಲಿನ ಗ್ರಾಹಕರ ಚಿತ್ರಗಳನ್ನೂ ಸಂದೇಶಗಳನ್ನೂ ಕಾಪಿಡುವ ಸರ್ವರುಗಳನ್ನು ವರ್ಷಗಟ್ಟಲೆ ನಡೆಸಬೇಕು. ಜೊತೆಗೆ ಮನೆಯೊಳಗೇ ದಾಯಾದಿಯಿದ್ದ. 2008ರಲ್ಲಿ ಮೈಕ್ರೋಸಾಫ್ಟ್ ‘ಡೇಂಜರ್’ ಎಂಬ ಕಂಪನಿಯನ್ನು ಕೊಂಡು, ಅದರ ತಂಡಕ್ಕೆ ಕಿನ್ ಕೆಲಸ ಒಪ್ಪಿಸಿತ್ತು. ಅದೇ ಹೊತ್ತಿಗೆ ಇನ್ನೊಂದು ತಂಡ ವಿಂಡೋಸ್ ಫೋನ್ 7 ಕಟ್ಟುತ್ತಿತ್ತು. 2010ರ ಫೆಬ್ರುವರಿಯಲ್ಲಿ ಅದನ್ನು ಪ್ರಕಟಿಸಿಯೂ ಆಯಿತು, ಅದರಲ್ಲೂ ಝೂನ್ ಇತ್ತು. ಒಂದೇ ಕಂಪನಿ, ಒಂದೇ ವರ್ಷ, ಒಂದಕ್ಕೊಂದು ಹೊಂದದ ಎರಡು ಫೋನುಗಳು. ಅಮೆರಿಕದಲ್ಲಿ ಕಿನ್ ಮಾರಾಟ ನೆಲಕಚ್ಚಿದಾಗ ಆ ತಂಡವನ್ನು ವಿಂಡೋಸ್ ಫೋನಿನ ಕಡೆಗೆ ಸೇರಿಸಿ ಕಥೆ ಮುಗಿಸಿದರು. ಸುಮಾರು 24 ಕೋಟಿ ಡಾಲರ್ ನಷ್ಟ ಬರೆದುಕೊಂಡರು.

ಮುಗಿದ ಮೇಲೆ ನಡೆದದ್ದು ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ಕುತೂಹಲದ ಭಾಗ. ಅದೇ ವರ್ಷದ ಕೊನೆಗೆ ವೆರೈಝನ್ ಉಳಿದ ಫೋನುಗಳನ್ನು ಹೊಸ ತಂತ್ರಾಂಶ ಹಾಕಿ ‘ಕಿನ್ ಒನ್ ಎಂ’, ‘ಕಿನ್ ಟೂ ಎಂ’ ಎಂಬ ಹೆಸರಿನಲ್ಲಿ ಮತ್ತೆ ಮಾರಲು ಕುಳಿತಿತು. ಸರ್ವರು ಬೇಡುವ ಸವಲತ್ತುಗಳನ್ನೆಲ್ಲ ಕಿತ್ತುಹಾಕಿತ್ತು, 30 ಡಾಲರಿನ ಕಡ್ಡಾಯ ಬಾಡಿಗೆಯೂ ಹೋಗಿತ್ತು. ಹಾಡು ಕೇಳುವ ಝೂನ್ ಮಾತ್ರ ಉಳಿದಿತ್ತು. ಹೀಗೆ ಮೂಲ ಫೋನು ಸತ್ತ ಮೇಲೆ ನಿಜವಾದ ಹಾಡಿನ ಫೋನು ಹೊರಬಂತು. ಹಳೆಯ ಕಿನ್ ಕೊಂಡವರ ಚಿತ್ರಗಳನ್ನು ಇಟ್ಟುಕೊಂಡಿದ್ದ ‘ಕಿನ್ ಸ್ಟುಡಿಯೋ’ 2011ರ ಜನವರಿ 31ರಂದು ಮುಚ್ಚಿತು. ಝೂನ್ ಸೇವೆಯೂ 2015ರ ನವೆಂಬರ್ 15ಕ್ಕೆ ನಿಂತಿತು. ಬೀಗ ಹಾಕಿದ ಹಾಡುಗಳಿಗೆ ಬೀಗ ತೆಗೆಯುವವರು ಅಲ್ಲಿಗೆ ಇಲ್ಲವಾದರು.

ಈ ದಿನಾಂಕಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಯುರೋಪಿನಲ್ಲಿ ಬಿಡುಗಡೆ ರದ್ದಾದದ್ದು ಅಲ್ಲಿಯ ಗ್ರಾಹಕರಿಗೆ ಆದ ನಷ್ಟವೆಂದು ನನಗನಿಸುವುದಿಲ್ಲ. ನಷ್ಟವಾದದ್ದು ಬಿಡುಗಡೆಯಾದ ದೇಶದಲ್ಲಿ ಹಣ ಕೊಟ್ಟು ಕೊಂಡವರಿಗೆ. ಯುರೋಪ್ ಒಕ್ಕೂಟ 2025ರ ಜೂನ್ 20ರಿಂದ ಒಂದು ನಿಯಮ ಜಾರಿಗೆ ತಂದಿದೆ: ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಫೋನಿನ ತಂತ್ರಾಂಶವನ್ನು ನವೀಕರಿಸುತ್ತಿರಬೇಕು, 7 ವರ್ಷ ಬಿಡಿಭಾಗ ಸಿಗುವಂತಿರಬೇಕು. ಒಳ್ಳೆಯ ನಿಯಮ. ಆದರೆ ಕಿನ್‌ನಂಥ ಫೋನಿನಲ್ಲಿ ಮೊದಲು ಸಾಯುವುದು ಬಿಡಿಭಾಗವಲ್ಲ, ದೂರದಲ್ಲೆಲ್ಲೋ ಇರುವ ಸರ್ವರು. ಅದನ್ನು ಈ ನಿಯಮ ಮುಟ್ಟುವುದಿಲ್ಲ. ಯಾವ ಯಾವ ಸವಲತ್ತು ಕಂಪನಿಯ ಸರ್ವರನ್ನು ನೆಚ್ಚಿಕೊಂಡಿದೆ, ಯಾವ ದೇಶದಲ್ಲಿ, ಯಾವ ವರ್ಷದವರೆಗೆ ಅದು ಖಾತರಿ ಎಂದು ಪೆಟ್ಟಿಗೆಯ ಮೇಲೇ ಅಚ್ಚು ಹಾಕಿಸುವುದು ಕುವೈತಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆಗಾಗಲಿ ನಮ್ಮ ಸರ್ಕಾರಕ್ಕಾಗಲಿ ಅಸಾಧ್ಯವೇನಲ್ಲ. ಔಷಧದ ಡಬ್ಬಿಯ ಮೇಲೆ ಅವಧಿ ಬರೆಸಲು ಕಲಿತವರು ನಾವು.

ಅದು ಬರುವತನಕ ಹವಲ್ಲಿಯ ಅಂಗಡಿಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಸಿಮ್ ಹಾಕದೆ, ವೈಫೈ ಆಫ್ ಮಾಡಿ, ನಿಮ್ಮ ಬಳಿ ಇರುವ ಒಂದು ಹಾಡನ್ನು ಕೇಬಲ್ಲಿನಿಂದಲೋ ಕಾರ್ಡಿನಿಂದಲೋ ಫೋನಿಗೆ ಹಾಕಿ ನುಡಿಸಿ ನೋಡಿ. ಖಾತೆ ತೆರೆಯಿರಿ, ದೇಶ ಯಾವುದೆಂದು ಹೇಳಿ ಎಂದು ಫೋನು ಕೇಳಿದರೆ, ಬೆಲೆ ಚೌಕಾಸಿ ಮಾಡುವ ಮುಂಚೆ ಅಂಗಡಿಯವನನ್ನು ಆ ಬಗ್ಗೆ ವಿಚಾರಿಸಿ.